ಗೆರೆ ಎಳೆಯೋ ಮೊದಲು ನಮ್ಮ ಓಣಿಗೆ ಒಂದ್ಸಲ ಬನ್ನಿ

ವಾರ್ಡ್ ಗಡಿ ಬರೆಯುವ ಅಧಿಕಾರಿಗಳಿಗೆ, ಬರೆಸುವ ಮಂತ್ರಿಗಳಿಗೆ, ಬರೆದು ಮುಗಿದ ಮೇಲೆ ಬೈಯುವ ನಮ್ಮ ಬಳ್ಳಾರಿ ಮಂದಿಗೆ,

ನಮಸ್ಕಾರ.

ನಾನು ಬಳ್ಳಾರಿಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡವನು. ಆದಾಯ ಪ್ರಮಾಣಪತ್ರ, ಖಾತಾ ಬದಲಾವಣೆ, ಬಾಡಿಗೆ ಕರಾರು, ನೀರು ಬರ್ತಿಲ್ಲ ಅಂತ ದೂರು, ಹೀಗೆ ಬೇರೆಯವರ ಅರ್ಜಿ ಬರೆದು ಕೊಡುವುದೇ ನನ್ನ ಹೊಟ್ಟೆಪಾಡು. ‘ಮಾನ್ಯರೇ’ ಅನ್ನುವ ಪದವನ್ನು ಎಷ್ಟು ಸಾವಿರ ಸಲ ಕುಟ್ಟಿದ್ದೇನೋ ಲೆಕ್ಕ ಇಲ್ಲ. ಇವತ್ತು ಬರೆಯುತ್ತಿರುವುದು ನನ್ನದೇ ಅರ್ಜಿ. ಟೈಪಿಂಗ್ ಚಾರ್ಜು ಇಲ್ಲ.

ವಿಷಯ, ವಾರ್ಡ್ ಪುನರ್ವಿಂಗಡಣೆ. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ, ಗೊತ್ತು. ನಮ್ಮ ಅಂಗಡಿ ಹುಡುಗನೂ ‘ಇದು ಸರ್ವೆ ಆಫೀಸಿನ ಕೆಲಸ ಏನಣ್ಣ’ ಅಂತ ಕೇಳಿದ. ಅಲ್ಲಪ್ಪ, ಮನೆ ಮುಂದೆ ಚರಂಡಿ ಕಟ್ಟಿಕೊಂಡರೆ ಯಾರಿಗೆ ಫೋನ್ ಮಾಡಬೇಕು ಅನ್ನೋದನ್ನ ತೀರ್ಮಾನ ಮಾಡುವ ಕೆಲಸ ಇದು ಅಂದೆ. ಆಗ ಅವನು ಮೊಬೈಲ್ ಕೆಳಗಿಟ್ಟು ನನ್ನ ಕಡೆ ತಿರುಗಿದ.

ಈ ಕೆಲಸದ ರುಚಿ ನನಗೆ ಗೊತ್ತಾಗಿದ್ದು ನಮ್ಮ ಅಕ್ಕನಿಂದ. ಅವಳು ನಮ್ಮ ಸೀಮೆಯದೇ ಒಂದು ಊರಲ್ಲಿದ್ದಾಳೆ. ಊರ ಹೆಸರು, ಕಚೇರಿ ಹೆಸರು ಬರೆಯಲ್ಲ. ಬರೆದರೆ ನೀವು ಆ ಕಚೇರಿಯ ಗುಮಾಸ್ತನನ್ನು ಎತ್ತಂಗಡಿ ಮಾಡಿ ಕೈ ತೊಳೆದುಕೊಳ್ಳುತ್ತೀರಿ. ಅಕ್ಕನ ಓಣಿ ಮೊದಲು ಪೂರ್ತಿ ಒಂದೇ ವಾರ್ಡಿನಲ್ಲಿತ್ತು. ಒಂದು ಸಲ ಗೆರೆ ತಿದ್ದಿದಾಗ ಆ ಗೆರೆ ಬಂದು ಸರಿಯಾಗಿ ಓಣಿಯ ನಡುಮಧ್ಯೆ ಕೂತುಬಿಟ್ಟಿತು. ಎಡಗಡೆಯ ಮನೆಗಳು ಒಂದು ವಾರ್ಡು, ಬಲಗಡೆಯವು ಇನ್ನೊಂದು. ಕಾಗದದ ಮೇಲೆ ನೋಡಿದರೆ ನೇರವಾಗಿ, ಚೆಂದವಾಗಿ ಕಾಣುತ್ತೆ. ಆದರೆ ಅಲ್ಲಿನ ಚರಂಡಿ ಎಡಗಡೆ ಶುರುವಾಗಿ, ರಸ್ತೆ ಕೆಳಗೆ ದಾಟಿ, ಬಲಗಡೆ ಅಕ್ಕನ ಮನೆ ಮುಂದೆ ಬಂದು ನಿಲ್ಲುತ್ತದೆ. ನಲ್ಲಿ ನೀರಿನ ವಾಲ್ವ್ ಇರುವುದು ಆ ವಾರ್ಡಿನಲ್ಲಿ, ಪೈಪಿನ ಬಾಲ ಇರುವುದು ಈ ವಾರ್ಡಿನಲ್ಲಿ. ಮಳೆ ಬಂದು ಚರಂಡಿ ಉಕ್ಕಿದರೆ ಈ ಕಡೆಯ ಮೆಂಬರ್ರು ‘ಅದು ಅವರ ಕಡೆಯಿಂದ ಬರೋ ನೀರು’ ಅನ್ನುತ್ತಾರೆ. ಆ ಕಡೆಯ ಮೆಂಬರ್ರು ‘ನಿಂತಿರೋದು ನಿಮ್ಮ ವಾರ್ಡಲ್ಲಿ ಅಲ್ವಾ ತಾಯಿ’ ಅನ್ನುತ್ತಾರೆ. ಇಬ್ಬರೂ ಹೇಳುವುದು ಸುಳ್ಳಲ್ಲ, ಅದೇ ಕಷ್ಟ. ಅಕ್ಕ ಫೋನಿನಲ್ಲಿ ಒಂದು ಮಾತು ಹೇಳಿದಳು: ‘ಎದುರು ಮನೆಯವರ ಜೊತೆ ಮೂವತ್ತು ವರ್ಷದಿಂದ ಮಜ್ಜಿಗೆ, ಕರಿಬೇವು, ಹೆಪ್ಪು ಎಲ್ಲಾ ಹಂಚ್ಕೊಂಡೀನಿ ತಮ್ಮಾ, ಈ ಚರಂಡಿ ಒಂದನ್ನ ಹಂಚ್ಕೊಳ್ಳೋಕೆ ಬಿಡ್ತಿಲ್ಲ ನೋಡು.’

ಕರಡು ಬಂದಾಗ ಯಾಕೆ ಆಕ್ಷೇಪಣೆ ಹಾಕಲಿಲ್ಲ ಅಂತ ನೀವು ಕೇಳಬಹುದು. ಹಾಕಿದೆವು ಸ್ವಾಮಿ. ನಾನೇ ಟೈಪ್ ಮಾಡಿಕೊಟ್ಟೆ. ಕರಡು ಬಂದಿದ್ದು ಪೇಪರಿನ ಒಳಪುಟದಲ್ಲಿ, ಟೆಂಡರ್ ಜಾಹೀರಾತುಗಳ ನಡುವೆ. ಅಕ್ಕನ ಓಣಿಯವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಉಳಿದದ್ದು ಎರಡು ದಿನ. ಅದರಲ್ಲಿ ಒಂದು ಭಾನುವಾರ. ನಕ್ಷೆ ಕೊಡಿ ಅಂದರೆ ನಕ್ಷೆ ಇಲ್ಲ, ಚೆಕ್ಕುಬಂದಿ ಇದೆ ಅಂದರು. ಹೊಲದ ಪತ್ರದಲ್ಲಿ ಬರೆಯುತ್ತಾರಲ್ಲ, ಹಾಗೆ. ಪೂರ್ವಕ್ಕೆ ಇಂಥವರ ಮನೆಯಿಂದ ಹಿಡಿದು ಹಿಟ್ಟಿನ ಗಿರಣಿವರೆಗೆ, ದಕ್ಷಿಣಕ್ಕೆ ಹುಣಸೆ ಮರದಿಂದ ಮುಖ್ಯರಸ್ತೆವರೆಗೆ. ಗಿರಣಿ ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಆಗಿ ಎಷ್ಟೋ ವರ್ಷ ಆಗಿದೆ. ಹುಣಸೆ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದಿದ್ದಾರೆ. ಅಂದರೆ ಯಾರೋ ಹಳೇ ಕಡತ ನೋಡಿ ಬರೆದಿದ್ದಾರೆ, ಓಣಿಗೆ ಕಾಲಿಟ್ಟಿಲ್ಲ. 37 ಮನೆಯವರ ಸಹಿ ಹಾಕಿಸಿ ಕೊಟ್ಟೆವು. ಸ್ವೀಕೃತಿ ಸೀಲು ಬಿತ್ತು. ಆಮೇಲೆ ಅಂತಿಮ ಅಧಿಸೂಚನೆಯಲ್ಲಿ ಅದೇ ಗೆರೆ, ಅದೇ ಗಿರಣಿ, ಅದೇ ಹುಣಸೆ ಮರ. ನಮ್ಮ ಅರ್ಜಿ ಏನಾಯ್ತು ಅಂದರೆ ‘ಪರಿಶೀಲಿಸಿ ಕೈಬಿಡಲಾಗಿದೆ’. ಮೂರು ಪುಟದ ಅರ್ಜಿಗೆ ಎರಡು ಪದದ ಉತ್ತರ. ಅಲ್ಲಿದ್ದ ಒಬ್ಬ ಗುಮಾಸ್ತ ಪಾಪ ಒಳ್ಳೆಯವನು, ಟೀ ಕುಡಿಯುವಾಗ ಹೇಳಿದ, ‘ಅಣ್ಣಾ ಅದು ಬ್ಲಾಕ್ ಲೆಕ್ಕ, ನಿಮಗೆ ಅರ್ಥ ಆಗಲ್ಲ ಬಿಡಿ.’

ಆ ‘ಅರ್ಥ ಆಗಲ್ಲ’ ಅನ್ನುವುದು ನನಗೆ ಚುಚ್ಚಿತು. ಆಮೇಲೆ ಅವರಿವರನ್ನು ಕೇಳಿ ತಿಳಿದುಕೊಂಡೆ. ಅಂಥ ಬ್ರಹ್ಮವಿದ್ಯೆ ಏನಲ್ಲ. ಜನಗಣತಿ ಮಾಡುವಾಗ ಊರನ್ನು ಸಣ್ಣ ಸಣ್ಣ ಬ್ಲಾಕ್ ಮಾಡಿ ಒಬ್ಬೊಬ್ಬ ಮೇಷ್ಟ್ರಿಗೆ ಒಂದೊಂದು ಕೊಡುತ್ತಾರೆ. ಆ ಬ್ಲಾಕ್‌ಗಳೇ ಇಟ್ಟಿಗೆ. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು, ಪ್ರತಿ ವಾರ್ಡಿಗೂ ಹೆಚ್ಚು ಕಡಿಮೆ ಅಷ್ಟೇ ಜನ ಬರುವಂತೆ ಗೋಡೆ ಕಟ್ಟಬೇಕು. ಒಂದು ಇಟ್ಟಿಗೆ ಈ ಕಡೆಯಿಂದ ಆ ಕಡೆ ಇಟ್ಟರೆ ಪಕ್ಕದ ವಾರ್ಡಿನ ಲೆಕ್ಕ ತಪ್ಪುತ್ತದೆ, ಅದನ್ನು ಸರಿ ಮಾಡಲು ಹೋದರೆ ಅದರ ಪಕ್ಕದ್ದು. ನಮ್ಮ ಬಳ್ಳಾರಿಯನ್ನೇ ತಗೊಳ್ಳಿ. 2011ರ ಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನ 4 ಲಕ್ಷ 9 ಸಾವಿರಕ್ಕೂ ಜಾಸ್ತಿ. ವಾರ್ಡುಗಳು 39. ಭಾಗಿಸಿದರೆ ಒಂದು ವಾರ್ಡಿಗೆ ಸುಮಾರು ಹತ್ತೂವರೆ ಸಾವಿರ ಜನ. ಇಷ್ಟು ಲೆಕ್ಕ ನಮ್ಮ ಅಂಗಡಿ ಹುಡುಗನೂ ಮಾಡುತ್ತಾನೆ, ನಾನು ಮಾಡಿಸಿ ನೋಡಿದೆ. ಕಷ್ಟ ಇರುವುದು ಇಟ್ಟಿಗೆ ಜೋಡಿಸುವುದರಲ್ಲಿ, ಅದು ಒಪ್ಪುತ್ತೇನೆ. ಗೆರೆ ಎಳೆಯುವವರ ಕೆಲಸ ಸಲೀಸು ಅಂತ ನಾನು ಹೇಳುತ್ತಿಲ್ಲ. ಆದರೆ ಯಾವ ಇಟ್ಟಿಗೆ ಎಲ್ಲಿದೆ, ಅದರಲ್ಲಿ ಎಷ್ಟು ಜನ ಅನ್ನುವ ಹಾಳೆಯನ್ನೇ ಕೊಡದೆ ‘ಆಕ್ಷೇಪಣೆ ಇದ್ದರೆ ಸಲ್ಲಿಸಿ’ ಅಂದರೆ ಏನು ಸಲ್ಲಿಸಬೇಕು? ಕಣ್ಣು ಕಟ್ಟಿ ಕೇರಂ ಆಡು ಅಂದ ಹಾಗಾಯ್ತು. ನಾವು ‘ನಮ್ಮ ಓಣಿ ಒಡೆಯಬೇಡಿ’ ಅಂತ ಮಾತ್ರ ಬರೆಯಬಲ್ಲೆವು. ‘ನಮ್ಮ ಓಣಿಯ ಬದಲು ಆ ಮೂಲೆಯ ಬ್ಲಾಕ್ ತಗೊಳ್ಳಿ, ಲೆಕ್ಕ ಸರಿ ಹೋಗುತ್ತೆ’ ಅಂತ ಬರೆಯಬೇಕಾದರೆ ಆ ಹಾಳೆ ನಮ್ಮ ಕೈಯಲ್ಲಿ ಇರಬೇಕು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈಗ ಸ್ವಲ್ಪ ಬಿಡುವಿದೆ. ಜನಗಣತಿ ಬರ್ತಾ ಇದೆ. ನಮ್ಮ ಕಡೆಗೆಲ್ಲ ಎಣಿಕೆಯ ಲೆಕ್ಕದ ದಿನ 2027ರ ಮಾರ್ಚ್ 1. ಗಣತಿ ನಡೆಯುವಾಗ ಗಡಿಗಳು ಅಲ್ಲಾಡಬಾರದು ಅಂತ, ಏನೇ ಬದಲಾವಣೆ ಇದ್ದರೂ 2025ರ ಡಿಸೆಂಬರ್ 31ರೊಳಗೆ ಮುಗಿಸಿಕೊಳ್ಳಿ ಅಂತ ಗಣತಿಯವರು ರಾಜ್ಯಗಳಿಗೆ ಮೊದಲೇ ಹೇಳಿದ್ದರು. ಸಂವಿಧಾನದಲ್ಲಿ ಜನಸಂಖ್ಯೆ ಅಂದರೆ ಕೊನೆಯದಾಗಿ ಪ್ರಕಟವಾದ ಗಣತಿಯ ಅಂಕಿ. ಅದಕ್ಕೇ ಇನ್ನೂ 2011ರ ಲೆಕ್ಕದಲ್ಲೇ ಗೆರೆ ಎಳೆಯುತ್ತಾ ಬಂದಿದ್ದಾರೆ. 2011ರಲ್ಲಿ ಬಳ್ಳಾರಿ ಹೊರವಲಯದಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಲೇಔಟು. ಮೋಕಾ ರಸ್ತೆ, ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಯಾವ ಕಡೆ ಗಾಡಿ ಓಡಿಸಿದರೂ ಊರು ಮುಗಿಯುವುದೇ ಇಲ್ಲ. ಅಲ್ಲಿರುವ ಜನ ತೆರಿಗೆ ಕಟ್ಟುತ್ತಾರೆ, ಟ್ಯಾಂಕರ್ ನೀರು ಕೊಳ್ಳುತ್ತಾರೆ, ಆದರೆ ಹಳೇ ಗಣತಿ ಪುಸ್ತಕದಲ್ಲಿ ಅವರಿನ್ನೂ ಹುಟ್ಟಿಯೇ ಇಲ್ಲ. ಹೊಸ ಅಂಕಿ ಬಂದ ದಿನ ಎಲ್ಲಾ ಗೆರೆಯೂ ಮತ್ತೆ ಎಳೆಯಲೇಬೇಕು. ಬಳ್ಳಾರಿ ಒಂದೇ ಅಲ್ಲ. ಪಕ್ಕದ ರಾಯಚೂರನ್ನು ನಗರಸಭೆಯಿಂದ ಮಹಾನಗರ ಪಾಲಿಕೆ ಮಾಡಿದ್ದಾರೆ. ಕೊಪ್ಪಳ, ಗಂಗಾವತಿಯೂ ಬೆಳೆಯುತ್ತಲೇ ಇವೆ. ಹೇಗೂ ಎಳೆಯುತ್ತೀರಿ. ಜನರನ್ನು ಹೇಗೆ ಕೇಳಿ ಎಳೆಯುತ್ತೀರಿ ಅನ್ನುವ ನಿಯಮವನ್ನು ಈಗಲೇ, ಅಂದರೆ ಯಾವ ಗೆರೆಯಿಂದ ಯಾರಿಗೆ ಲಾಭ ಅನ್ನುವುದು ಯಾರಿಗೂ ಗೊತ್ತಿಲ್ಲದ ಈ ಹೊತ್ತಿನಲ್ಲೇ, ಬರೆದಿಟ್ಟುಬಿಡಿ ಅನ್ನುವುದು ನನ್ನ ಅರ್ಜಿ.

ಗೆರೆಯ ವಿಷಯದಲ್ಲಿ ಬಳ್ಳಾರಿ ಮಂದಿಗೆ ಪಾಠ ಹೇಳಬೇಕಾದ್ದು ಏನೂ ಇಲ್ಲ, ನಾವು ಅದರಲ್ಲೇ ಹುಟ್ಟಿದವರು. 1953ರಲ್ಲಿ ಮದ್ರಾಸ್ ರಾಜ್ಯ ಒಡೆದು ಆಂಧ್ರ ಆಗುವಾಗ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಹಂಚಬೇಕಿತ್ತು. ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕು ಮಾತ್ರ ದೊಡ್ಡ ತಕರಾರು. ಕನ್ನಡದವರು ನಮ್ಮದು ಅಂದರು, ತೆಲುಗಿನವರು ನಮ್ಮದು ಅಂದರು. ಆಗ ದಿಲ್ಲಿಯವರು ಹೈದರಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಮಿಶ್ರಾ ಅವರನ್ನು ವಿಚಾರಣೆಗೆ ಹಾಕಿದರು. ಎರಡೂ ಕಡೆಯವರ ಅಹವಾಲು ಕೇಳಿ ಅವರು ವರದಿ ಕೊಟ್ಟ ಮೇಲೆಯೇ ಬಳ್ಳಾರಿ ಮೈಸೂರಿಗೆ ಬಂದದ್ದು. ಅಕ್ಟೋಬರ್ 1ರ ವಿಲೀನದ ಸಂಭ್ರಮಕ್ಕೆ ಹಾಕಿದ್ದ ಚಪ್ಪರ ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಯಲ್ಲಿ ಜೀವ ಕಳೆದುಕೊಂಡರು. ಒಂದು ಗೆರೆಗೆ ಎಷ್ಟು ಬೆಲೆ ಅಂತ ಈ ಊರಿಗೆ ಗೊತ್ತು. ಆ ಕಾಲದಲ್ಲಿ, ಫೋನಿಲ್ಲದ ಕಾಲದಲ್ಲಿ, ಒಂದು ತಾಲ್ಲೂಕು ಯಾವ ಕಡೆ ಹೋಗಬೇಕು ಅಂತ ಒಬ್ಬ ನ್ಯಾಯಮೂರ್ತಿ ಕೂತು ಜನರ ಮಾತು ಕೇಳಲು ಆಯ್ತು. ಈಗ ಒಂದು ಓಣಿ ಯಾವ ವಾರ್ಡಿಗೆ ಹೋಗಬೇಕು ಅಂತ ಕೇಳಲು ಒಬ್ಬ ಅಧಿಕಾರಿಗೆ ಒಂದು ಸಂಜೆ ಸಿಗುವುದಿಲ್ಲವಾ?

ಅದಾದ ಮೇಲೂ ನಮ್ಮ ಸುತ್ತ ಗೆರೆಗಳು ಓಡಾಡುತ್ತಲೇ ಇವೆ. ಹರಪನಹಳ್ಳಿಯವರನ್ನು ನೋಡಿ. ಬಳ್ಳಾರಿಯಲ್ಲಿದ್ದರು, 1997ರಲ್ಲಿ ದಾವಣಗೆರೆಗೆ ಹೋದರು, ಮತ್ತೆ ಬಳ್ಳಾರಿಗೆ ಬಂದರು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಹೋದರು. ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ಸುತ್ತಿದವರು ಅವರು. ನಮ್ಮ ಊರಲ್ಲೇ ಕೌಲ್ ಬಜಾರ್ ಇದೆ. ರೈಲ್ವೆ ಹಳಿ ದಾಟಿದರೆ ಆಯ್ತು, ಪಾಲಿಕೆಗೇ ಸೇರಿದ್ದು, ಆದರೆ ವಿಧಾನಸಭೆಗೆ ಬಂದರೆ ಬಳ್ಳಾರಿ ಗ್ರಾಮೀಣ ಕ್ಷೇತ್ರ. ಅಷ್ಟು ಕಿಕ್ಕಿರಿದ ಬಜಾರಿನಲ್ಲಿ ನಿಂತು ‘ಗ್ರಾಮೀಣ’ ಅಂದರೆ ಹೊರಗಿನವರು ನಗುತ್ತಾರೆ. ನಮಗೆ ರೂಢಿ ಆಗಿದೆ.

ವಿಧಾನಸಭೆ ಅಂದ ಮೇಲೆ ನೆನಪಾಯ್ತು. ಆ ದೊಡ್ಡ ಗೆರೆಗಳಿಗೆ ಒಂದು ಮರ್ಯಾದೆ ಇದೆ. 2002ರ ಕ್ಷೇತ್ರ ಪುನರ್ವಿಂಗಡಣಾ ಕಾಯ್ದೆಯಲ್ಲಿ ಕರಡು ಪ್ರಕಟಿಸಿ, ಆಕ್ಷೇಪಣೆ ಕರೆದು, ಆಮೇಲೆ ಬಹಿರಂಗ ಸಭೆ ನಡೆಸಲೇಬೇಕು ಅಂತ ಬರೆದಿದ್ದಾರೆ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ ಹಾಗೆಯೇ ಮಾಡಿತು. 2008ರ ಚುನಾವಣೆ ಆ ಗೆರೆಗಳ ಮೇಲೆ ನಡೆಯಿತು. ವಾರ್ಡಿನ ಗೆರೆಗೆ ಕರಡು ಇದೆ, ಆಕ್ಷೇಪಣೆಗೆ ಕೆಲವು ದಿನ ಇದೆ. ಆದರೆ ಓಣಿಯ ಮಂದಿಯನ್ನು ಕೂರಿಸಿ, ನಕ್ಷೆ ಹರಡಿ, ‘ಹೇಳಿ’ ಅಂದ ಒಂದು ಸಭೆಯನ್ನೂ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಎಂಎಲ್‌ಎ ಅವರನ್ನು ನಾವು ಐದು ವರ್ಷಕ್ಕೊಮ್ಮೆ ನೋಡುತ್ತೇವೆ. ಕಾರ್ಪೊರೇಟರ್ ದಿನಾ ಬೆಳಗ್ಗೆ ಟೀ ಅಂಗಡಿಯಲ್ಲಿ ಸಿಗುತ್ತಾರೆ. ಯಾರ ಗೆರೆಗೆ ಜಾಸ್ತಿ ಜನರ ಮಾತು ಬೇಕು ನೀವೇ ಹೇಳಿ.

ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಗಡಿಗೆ ಅಂತಲೇ ಬೇರೆ ಆಯೋಗ ಇದೆ. ಅವರು ಕರಡು ಬರೆಯುವ ಮೊದಲೇ ಒಂದು ಸಲ ಜನರನ್ನು ಕೇಳುತ್ತಾರೆ, ಬರೆದ ಮೇಲೆ ಇನ್ನೊಂದು ಸಲ ಕೇಳುತ್ತಾರೆ. ಬಂದ ಪತ್ರಗಳನ್ನು ಎಲ್ಲರೂ ನೋಡುವಂತೆ ಹಾಕುತ್ತಾರೆ. ಪ್ರತಿ ವಾರ್ಡಿನಲ್ಲಿ ಮತದಾರರು ಸುಮಾರು ಸಮ ಇರಬೇಕು ಅನ್ನುವುದು ಅವರಿಗೂ ನಿಯಮವೇ. ಅದರ ಜೊತೆಗೆ ಒಂದು ನೆರೆಹೊರೆ ಒಂದೇ ಕಡೆ ಇರಬೇಕು, ಕೆಲಸ ಕಾರ್ಯಕ್ಕೆ ಅನುಕೂಲ ಆಗಬೇಕು ಅನ್ನುವ ಇನ್ನೆರಡು ನಿಯಮ. ನಮಗೆ ಅವರ ಎಲ್ಲವೂ ಬೇಕಿಲ್ಲ, ಅವರ ಚಳಿಯಂತೂ ಮೊದಲೇ ಬೇಡ. ಕರಡಿಗೆ ಮೊದಲೇ ಕೇಳುವ ಆ ಒಂದು ಅಭ್ಯಾಸ ಬೇಕು. ನಮ್ಮ ಬಳ್ಳಾರಿ ಜೀನ್ಸ್ ಕಟಿಂಗ್ ಮಾಸ್ಟರ್ ಕೂಡ ಬಟ್ಟೆ ಹಾಸಿ, ಚಾಕ್ ಹಿಡಿದು, ಅಳತೆ ಎರಡು ಸಲ ನೋಡಿ ಕತ್ತರಿ ಹಾಕುತ್ತಾನೆ. ಕತ್ತರಿಸಿದ ಮೇಲೆ ‘ಆಕ್ಷೇಪಣೆ ಇದೆಯಾ’ ಅಂತ ಕೇಳಲ್ಲ.

ಕತ್ತರಿಸಿದ ಮೇಲೆ ಕೇಳಿ ಪ್ರಯೋಜನವೂ ಇಲ್ಲ. ವಾರ್ಡ್ ವಿಂಗಡಣೆಯ ಕಾನೂನನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಅಂತ ಸಂವಿಧಾನದ 243-ಝಡ್‌ಜಿ ವಿಧಿ ಹೇಳುತ್ತದೆ. ಅದು ಇರಬೇಕಾದ್ದೇ. ಇಲ್ಲದಿದ್ದರೆ ಪ್ರತಿ ಚುನಾವಣೆಗೂ ನೂರು ಜನ ಕೋರ್ಟಿಗೆ ಓಡುತ್ತಾರೆ. ಆದರೆ ಹಿಂದಿನ ಬಾಗಿಲು ಮುಚ್ಚಿದ ಮೇಲೆ ಮುಂದಿನ ಬಾಗಿಲನ್ನು ಅಗಲವಾಗಿ ತೆರೆದಿಡಬೇಕಲ್ವಾ. ಮುಂದಿನ ಬಾಗಿಲು ಅಂದರೆ ಆ ಕರಡಿನ ನಾಲ್ಕು ದಿನ.

ಈ ಗೆರೆ ಸರಿಯಾಗಿ, ಒಪ್ಪಿಗೆಯಾಗಿ ಮುಗಿಯದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡುತ್ತಲೇ ಇದ್ದೇವೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. 2021ಕ್ಕೆ ಅವಧಿ ಮುಗಿಯಿತು. ಆಗ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಿಸಿತು, ಅಷ್ಟರಲ್ಲಿ ಸರ್ಕಾರ ಕಾಯ್ದೆಯನ್ನೇ ತಿದ್ದಿ ಆ ಅಧಿಕಾರವನ್ನು ಬೇರೆ ಆಯೋಗಕ್ಕೆ ಕೊಟ್ಟಿತು, ವಿಷಯ ಹೈಕೋರ್ಟಿಗೆ ಹೋಯಿತು, ವರ್ಷಗಟ್ಟಲೆ ಜಿಲ್ಲಾ ಪಂಚಾಯಿತಿ ಸದಸ್ಯರೇ ಇಲ್ಲದೆ ಕಳೆಯಿತು. ಬೆಂಗಳೂರಿನದು ಇನ್ನೊಂದು ಕಥೆ. 2015ರಲ್ಲಿ ಬಿಬಿಎಂಪಿ ಚುನಾವಣೆ ಆಯ್ತು. 2020ಕ್ಕೆ ಮುಗೀತು. ಆಮೇಲೆ 2022ರಲ್ಲಿ 243 ವಾರ್ಡು ಅಂದರು, 2023ರಲ್ಲಿ ಅಲ್ಲ 225 ಅಂದರು, ಕೊನೆಗೆ 2025ರಲ್ಲಿ ಆ ಪಾಲಿಕೆಯನ್ನೇ ಐದು ತುಂಡು ಮಾಡಿ ಮತ್ತೆ ಮೊದಲಿನಿಂದ ಗೆರೆ. ಬಳ್ಳಾರಿಯಲ್ಲೂ ನೋಡಿ, 2021ರ ಏಪ್ರಿಲ್ 27ಕ್ಕೆ ಪಾಲಿಕೆಗೆ ಓಟು ಹಾಕಿದೆವು, ಮೇಯರ್ ಕುರ್ಚಿಯಲ್ಲಿ ಕೂತದ್ದು 2022ರ ಮಾರ್ಚಿನಲ್ಲಿ. ಅದು ಗೆರೆಯ ತಪ್ಪಲ್ಲ ಬಿಡಿ. ಆದರೆ ‘ಜನರನ್ನು ಕೇಳುತ್ತಾ ಕೂತರೆ ತಡ ಆಗುತ್ತೆ’ ಅನ್ನುವವರಿಗೆ ನಾನು ಇದನ್ನೆಲ್ಲ ತೋರಿಸುತ್ತೇನೆ. ಜನರನ್ನು ಕೇಳದೇನೇ ಇಷ್ಟು ತಡ ಆಗಿದೆ. ಕೇಳಿದ್ದರೆ ಇನ್ನೊಂದು ತಿಂಗಳು ಆಗ್ತಿತ್ತೇನೋ.

ಈಗ ನನಗೆ ಏನು ಬೇಕು ಅಂತ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಅಂಗಡಿಗೆ ಬರುವವರಿಗೂ ಹೀಗೇ ಹೇಳುತ್ತೇನೆ, ಕಷ್ಟ ಎಲ್ಲಾ ಹೇಳಿ ಬೇಡಿಕೆ ಬರೆಯುವುದನ್ನೇ ಮರೆಯುತ್ತೀರಿ ಅಂತ.

ನಕ್ಷೆ ಬೇಕು. ಚೆಕ್ಕುಬಂದಿ ಗೆಜೆಟ್ಟಿಗೆ ಇರಲಿ, ನಮಗೆ ನಕ್ಷೆ ಕೊಡಿ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ನೀರಿನ ಟ್ಯಾಂಕು ಗುರುತು ಹಾಕಿ ಕೊಡಿ. ಸುಧಾ ಕ್ರಾಸ್ ಎಲ್ಲಿದೆ, ಮೋತಿ ಸರ್ಕಲ್ ಎಲ್ಲಿದೆ ಅಂತ ಕಂಡರೆ ಎಂಥವರಿಗೂ ತಮ್ಮ ಮನೆ ಎಲ್ಲಿದೆ ಗೊತ್ತಾಗುತ್ತದೆ. ಅದನ್ನು ರೇಷನ್ ಅಂಗಡಿಯಲ್ಲಿ ಅಂಟಿಸಿ. ಅಲ್ಲಿಗೆ ಬರದ ಬಡವರಿಲ್ಲ. ಅಂಗನವಾಡಿ ಬಾಗಿಲಿಗೂ ಅಂಟಿಸಿ. ನಕ್ಷೆಯ ಪಕ್ಕದಲ್ಲೇ ಬ್ಲಾಕ್ ಪ್ರಕಾರ ಜನಸಂಖ್ಯೆಯ ಹಾಳೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸಂಖ್ಯೆ ಸಮೇತ. ಮೀಸಲಾತಿ ನಿಲ್ಲುವುದೇ ಆ ಸಂಖ್ಯೆಯ ಮೇಲೆ. ಒಂದು ಕೇರಿಯನ್ನು ಎರಡು ವಾರ್ಡಿಗೆ ಸೀಳಿದರೆ ಎರಡೂ ಕಡೆ ಆ ಕೇರಿಯ ಮಾತು ಯಾರೂ ಕೇಳದಂತೆ ಆಗುತ್ತದೆ, ಅದನ್ನು ಆ ಹಾಳೆ ಇಲ್ಲದೆ ಯಾರೂ ಸಾಬೀತು ಮಾಡಲಾಗದು.

ಸುದ್ದಿ ಮುಟ್ಟಿಸಿ. ಪೇಪರಿನ ಒಳಪುಟ ಸಾಲದು. ದಿನಾ ಬೆಳಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಪ್ರತಿ ಓಣಿಗೂ ಬರುತ್ತದೆ. ಹಸಿ ಕಸ ಒಣ ಕಸ ಬೇರೆ ಮಾಡಿ ಅಂತ ನಮಗೆ ಬಾಯಿಪಾಠ ಆಗಿದೆ. ಹತ್ತು ದಿನ ಆ ಹಾಡು ನಿಲ್ಲಿಸಿ ‘ನಿಮ್ಮ ವಾರ್ಡ್ ಗಡಿ ಬದಲಾಗ್ತಿದೆ, ಇಂಥ ದಿನ ಇಂಥ ಶಾಲೆಗೆ ಬನ್ನಿ’ ಅಂತ ಹಾಕಿ. ಕನ್ನಡದಲ್ಲಿ ಹಾಕಿ, ತೆಲುಗಿನಲ್ಲೂ ಉರ್ದುವಿನಲ್ಲೂ ಒಂದೊಂದು ಸಲ ಹಾಕಿ. ಇದು ಬಳ್ಳಾರಿ. ಒಂದೇ ಓಣಿಯಲ್ಲಿ ಮೂರು ಭಾಷೆಯಲ್ಲಿ ಜಗಳ ಆಗಿ ಮೂರು ಭಾಷೆಯಲ್ಲೇ ರಾಜಿ ಆಗುವ ಊರು. ಭಾಷಾಭಿಮಾನದ ಮಾತು ಇಲ್ಲಿ ತರಬೇಡಿ, ಆಕ್ಷೇಪಣೆ ಯಾವ ಭಾಷೆಯಲ್ಲಿ ಅರ್ಥ ಆದರೂ ಅರ್ಜಿ ನಾನು ಕನ್ನಡದಲ್ಲೇ ಟೈಪ್ ಮಾಡಿಕೊಡುತ್ತೇನೆ.

ಸಭೆ ಮಾಡಿ. ಡಿಸಿ ಆಫೀಸಿನ ಏಸಿ ಹಾಲಿನಲ್ಲಿ ಬೇಡ, ಅಲ್ಲಿಗೆ ಯಾರು ಬರುತ್ತಾರೆ ನಿಮಗೂ ಗೊತ್ತು. ಪ್ರತಿ ನಾಲ್ಕೈದು ವಾರ್ಡಿಗೆ ಒಂದು, ಸರ್ಕಾರಿ ಶಾಲೆಯ ಅಂಗಳದಲ್ಲಿ, ಭಾನುವಾರ, ಬಿಸಿಲಿಳಿದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಜೀನ್ಸ್ ಹೊಲಿಯುವ ಹೆಣ್ಮಕ್ಕಳು ಬರಲಾರರು, ಕಟ್ಟಡ ಕೆಲಸದವರು ಬರಲಾರರು. ಬಿಸಿಲಿಗೆ ನೀವೂ ಬರಲಾರಿರಿ. ಮಿರ್ಚಿ ಒಗ್ಗಾಣಿ ಕೊಡಿಸಬೇಕಾಗಿಲ್ಲ. ಕುಡಿಯಲು ನೀರಿಟ್ಟರೆ ಸಾಕು. ಅದು ನಮ್ಮಲ್ಲಿ ಎಷ್ಟೋ ದಿನಕ್ಕೊಮ್ಮೆ ಬರುವ ವಸ್ತು, ಅದಕ್ಕಾದರೂ ಮಂದಿ ಬಂದಾರು.

ಕೊನೆಯದು, ಉತ್ತರ ಕೊಡಿ. ಕೇಳಿದ್ದನ್ನೆಲ್ಲ ಮಾಡಿ ಅಂತ ಅಲ್ಲ. 37 ಮನೆಯವರ ಅರ್ಜಿಯನ್ನು ತಿರಸ್ಕರಿಸುವ ಹಕ್ಕು ನಿಮಗಿದೆ. ‘ಈ ಬ್ಲಾಕನ್ನು ಆ ಕಡೆ ಕೊಟ್ಟರೆ ಆ ವಾರ್ಡಿನಲ್ಲಿ ಇಷ್ಟು ಜನ ಜಾಸ್ತಿ ಆಗುತ್ತಾರೆ, ಅದಕ್ಕೆ ಆಗಲ್ಲ’ ಅಂತ ಎರಡು ಸಾಲು ಬರೆದು ಕೊಟ್ಟರೆ ಅಕ್ಕ ಅದನ್ನು ಓದಿ, ಗೊಣಗಿ, ಒಪ್ಪಿಕೊಳ್ಳುತ್ತಾಳೆ. ‘ಪರಿಶೀಲಿಸಿ ಕೈಬಿಡಲಾಗಿದೆ’ ಅಂದರೆ ಯಾರೋ ದುಡ್ಡು ತಿಂದಿದ್ದಾರೆ ಅಂತಲೇ ಅಂದುಕೊಳ್ಳುತ್ತಾಳೆ. ತಿಂದಿರಲಿಕ್ಕಿಲ್ಲ. ಆದರೆ ಹೇಳದೇ ಇದ್ದರೆ ಊಹೆ ಮಾಡುವುದನ್ನು ತಡೆಯಲಾಗದು.

ಒಬ್ಬ ನಿವೃತ್ತ ಅಧಿಕಾರಿ ನಮ್ಮ ಅಂಗಡಿಗೆ ಬರುತ್ತಿರುತ್ತಾರೆ. ಅವರಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕು, ‘ಸಭೆ ಮಾಡಿದರೆ ಬರೋದು ಪಾರ್ಟಿ ಮಂದಿನೇ, ಜಾತಿ ಲೆಕ್ಕ ಹಿಡ್ಕೊಂಡೇ ಬರ್ತಾರೆ, ಜಗಳ ಆಗುತ್ತೆ ಅಷ್ಟೇ’ ಅಂದರು. ಆ ಮಾತಿನಲ್ಲಿ ಸತ್ಯ ಇಲ್ಲ ಅನ್ನಲ್ಲ. ಆದರೆ ಪಾರ್ಟಿ ಮಂದಿ ಈಗಲೂ ಬರುತ್ತಾರಲ್ಲ ಸಾರ್, ಸಭೆಗೆ ಅಲ್ಲ, ರಾತ್ರಿ ಮನೆಗೆ. ಅವರ ಕೈಯಲ್ಲಿ ನಕ್ಷೆಯೂ ಇರುತ್ತದೆ, ಬೂತ್ ಪ್ರಕಾರ ಓಟಿನ ಲೆಕ್ಕವೂ ಇರುತ್ತದೆ. ಅವರಿಗೆ ಸಭೆಯ ಅವಶ್ಯಕತೆಯೇ ಇಲ್ಲ. ಸಭೆ ಬೇಕಾಗಿರುವುದು ಆ ಮನೆಗೆ ಹೋಗಲಾಗದವರಿಗೆ. ಜಾತಿ ಲೆಕ್ಕವನ್ನು ಶಾಲೆ ಅಂಗಳದಲ್ಲಿ ಎಲ್ಲರ ಮುಂದೆ ಜೋರಾಗಿ ಹೇಳಲು ಸ್ವಲ್ಪ ನಾಚಿಕೆ ಆಗುತ್ತದೆ, ಆ ನಾಚಿಕೆಯೂ ಉಪಯೋಗಕ್ಕೆ ಬರುತ್ತದೆ. ಅವರು ‘ಹೂಂ’ ಅಂದು ಜೆರಾಕ್ಸ್ ತಗೊಂಡು ಹೋದರು. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ಇನ್ನು ನಮ್ಮವರಿಗೆ ಒಂದು ಮಾತು. ಅಧಿಕಾರಿಗಳನ್ನು ಅಂದಿದ್ದಾಯ್ತು, ನಮ್ಮನ್ನೂ ಅಂದುಕೊಳ್ಳೋಣ. ಯಾವುದೇ ಊರಿನದಾಗಲಿ, ಮೀಸಲಾತಿ ಪಟ್ಟಿ ಬಂದ ದಿನ ನನ್ನ ಅಂಗಡಿ ಮುಂದೆ ಜಾತ್ರೆ. ಯಾವ ವಾರ್ಡು ಮಹಿಳೆಗೆ, ಯಾವುದು ಹಿಂದುಳಿದ ವರ್ಗಕ್ಕೆ, ಯಾರ ಹೆಂಡತಿ ನಿಲ್ಲುತ್ತಾಳೆ, ಎಲ್ಲಾ ಅಲ್ಲೇ ತೀರ್ಮಾನ. ಅದಕ್ಕೂ ಮೊದಲು ಗಡಿಯ ಕರಡು ಬಂದ ದಿನ ಅಂಗಡಿಯಲ್ಲಿ ನಾನು, ನೊಣ. ನಿಲ್ಲುವವರಿಗೆ ಮಾತ್ರ ಇದರ ಚಿಂತೆ, ಓಟು ಹಾಕುವವರಿಗೆ ಇಲ್ಲ ಅನ್ನುವ ಹಾಗೆ ಆಗಿದೆ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳೋದು ಅಂತ ನಾವೂ ಬಿಟ್ಟಿದ್ದೇವೆ. ವಾರ್ಡು ಅಂದರೆ ಓಟು ಹಾಕುವ ಡಬ್ಬಿ ಅಷ್ಟೇ ಅಲ್ಲ. 3 ಲಕ್ಷಕ್ಕೂ ಜಾಸ್ತಿ ಜನ ಇರುವ ಊರಿಗೆ ವಾರ್ಡ್ ಸಮಿತಿ ಬೇಕು ಅಂತ ಸಂವಿಧಾನದ 243-ಎಸ್ ವಿಧಿಯಲ್ಲೇ ಇದೆ. ಬಳ್ಳಾರಿ ಆ ಲೆಕ್ಕವನ್ನು ಎಂದೋ ದಾಟಿದೆ. ಆ ಸಮಿತಿಯಲ್ಲಿ ಯಾರು ಕೂರಬೇಕು, ಯಾವ ರಸ್ತೆಗೆ ದುಡ್ಡು ಹೋಗಬೇಕು ಅನ್ನುವುದೆಲ್ಲ ಈ ಗೆರೆಯ ಒಳಗೆ ನಡೆಯುವ ವ್ಯವಹಾರ. ಗೆರೆಯೇ ತಪ್ಪಾಗಿದ್ದರೆ ಸಮಿತಿ ಕೂತು ಏನು ಮಾಡುತ್ತದೆ, ಅಕ್ಕನ ಚರಂಡಿಯ ಅರ್ಧ ಭಾಗವನ್ನು ಮಾತ್ರ ಬಳಿಯುತ್ತದೆ.

ಅದಕ್ಕೇ ಈಗಲೇ ಒಂದು ಕೆಲಸ ಮಾಡಿ. ಒಂದು ಬಿಳಿ ಹಾಳೆ ತಗೊಂಡು ನಿಮ್ಮ ಓಣಿಯ ಚಿತ್ರ ಬರೆಯಿರಿ. ಚರಂಡಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ನೀರಿನ ವಾಲ್ವ್ ಎಲ್ಲಿದೆ, ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ಯಾವ ರಸ್ತೆ ದಾಟಲು ಭಯ ಆಗುತ್ತದೆ. ಚೆಂದ ಬರಬೇಕಾಗಿಲ್ಲ. ಕರಡು ಬಂದ ದಿನ ಹುಡುಕಾಡುವ ಬದಲು ಅದು ನಿಮ್ಮ ರೇಷನ್ ಕಾರ್ಡಿನ ಜೊತೆ ಇರಲಿ. ಆ ಚಿತ್ರ ತಂದರೆ ನಾನು ಪುಕ್ಕಟೆ ಜೆರಾಕ್ಸ್ ಮಾಡಿಕೊಡುತ್ತೇನೆ, ಎರಡು ಪ್ರತಿ.

ಅಧಿಕಾರಿಗಳಿಗೂ ಅದೇ ಮಾತು. ವಾರ್ಡಿನ ನಕ್ಷೆ ಕೊಡಿ. ದೊಡ್ಡ ಶೀಟಿನಲ್ಲಿ ಕಲರ್ ಪ್ರಿಂಟ್ ಹಾಕಿಸುವ ಖರ್ಚು ಜಾಸ್ತಿ ಆಗುತ್ತೆ ಅಂತ ಯಾರಾದರೂ ಕಡತದಲ್ಲಿ ಬರೆದರೆ, ನಮ್ಮ ವಾರ್ಡಿನದು ನಾನೇ ಹಾಕಿಸಿ ಅಂಗಡಿ ಶಟರಿಗೆ ಅಂಟಿಸುತ್ತೇನೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೂ ಬೀದಿ ದೀಪದ ಬೆಳಕಿನಲ್ಲಿ ಓದಬಹುದು, ಆ ದೀಪ ಉರಿದರೆ.

ಇಂತಿ,
ಬಳ್ಳಾರಿಯ ಒಬ್ಬ ಟೈಪಿಂಗ್ ಅಂಗಡಿಯವ